ಮೂರನೆಯ ಕರೆ

ಕಾಫಿ ಕೇಳಿದ್ದು ತಾನಲ್ಲ ಎಂಬ ಅನುಮಾನ ತೀರ್ಥೇಶನಿಗೆ ಹುಟ್ಟಿದ್ದು, ಹೆಂಡತಿ ಶ್ರೀಲತಾ ಲೋಟವನ್ನು ಅವನ ಕೈಗೆ ಕೊಡದೆ ಅಡುಗೆಕಟ್ಟೆಯ ಮೇಲೆಯೇ ಇಟ್ಟು, ಹಿಂದೆ ಸರಿದು ಅವನ ಬಾಯಿಯನ್ನೇ ನೋಡುತ್ತ ನಿಂತಾಗ. “ನಿಮ್ಮ ದನೀಲಿ ಕೇಳ್ರೀ,” ಅಂದಳು. “ಬೆಳಗಾಗೆದ್ದು ಸತ್ತೋರ ದನೀಲಿ ಕಾಫಿ ಕೇಳಿದ್ರೆ ಕೊಡಾಕೆ ನಾನೇನು ಇಲ್ಲಿ ತಿಥಿ ಅಡುಗೆ ಮಾಡ್ತಾ ಇದೀನಾ?” ಅವನು ನಕ್ಕ. ನಕ್ಕ ಮೇಲೆ, ನಗುವೂ ಸತ್ತ ಕೆಂಪಪ್ಪನದೇ ಎಂದು ತಿಳಿಯಿತು. ಮೊದಲು ಮೂಗಿನಲ್ಲಿ ಸಣ್ಣ ಗೊರಕೆಯಂತೆ ಎದ್ದು ಆಮೇಲೆ ಎದೆಗೆ ಇಳಿಯುವ ನಗು. ಗಂಟಲು ಸರಿಮಾಡಿಕೊಂಡು “ಕಾಫಿ” ಎಂದ. ಅದು ಮಾರ್ಕೆಟ್ಟಿನಲ್ಲಿ ಹರಾಜು ಕೂಗುವ ಮಂಜಪ್ಪನದಾಯಿತು. ಇನ್ನೊಮ್ಮೆ “ಕಾಫಿ” ಎಂದ. ಅದು ಮಾವನದು. ತವರಿನ ದನಿ ಕೇಳಿ ಶ್ರೀಲತಾಳಿಗೆ ಕೊನೆಗೂ ನಗು ಬಂತು. “ಸಾಕು ನಿಮ್ಮ ನಾಟಕ, ತಗೊಳ್ರೀ,” ಎಂದು ಲೋಟ ಕೈಗಿತ್ತು ಒಳಗೆ ಹೋದಳು. ಅವನಿಗೆ ನಗು ಬರಲಿಲ್ಲ. ಕಾಫಿ ಬಿಸಿಯಿತ್ತು, ಗಂಟಲಿಗೆ ಇಳಿಯಿತು, ಆದರೆ ಆ ಗಂಟಲು ಯಾರದ್ದೆಂದು ಕೇಳಿದ್ದರೆ ಆ ಕ್ಷಣ ಹೇಳುವುದು ಕಷ್ಟವಿತ್ತು. ತನ್ನದು ಎಂಬ ದನಿಯೊಂದು ಎಲ್ಲೋ ಇದ್ದಿರಬೇಕು. ಬೇರೆಯವರನ್ನು ಅಣಕಿಸಿ ಮುಗಿದ ಮೇಲೆ ಉಳಿಯುವುದೇ ಅದು ಎಂದು ಇಷ್ಟು ವರ್ಷ ನಂಬಿಕೊಂಡಿದ್ದ. ಬಾಡಿಗೆದಾರರೆಲ್ಲ ಖಾಲಿಮಾಡಿದ ಮೇಲೆ ಮನೆ ಮಾಲೀಕನಿಗೇ ಉಳಿಯುತ್ತದಲ್ಲ, ಹಾಗೆ. ಈಗ ನೋಡಿದರೆ ಬಾಡಿಗೆದಾರ ಹೋಗಿದ್ದಾನೆ, ಬೀಗ ಹೊಸದಾಗಿದೆ.

ಶಿಕಾರಿಪುರದಲ್ಲಿ ಅವನನ್ನು ಮಿಮಿಕ್ರಿ ತೀರ್ಥೇಶ ಎನ್ನುತ್ತಾರೆ. ಎದುರಿಗೆ ‘ಸಾರ್’ ಎನ್ನುವವರೂ ಅವನು ಮುಂದೆ ಹೋದಮೇಲೆ ಹಾಗೆಯೇ ಎನ್ನುತ್ತಾರೆ. ಮಾರ್ಕೆಟ್ ಯಾರ್ಡಿನ ಪಕ್ಕ ಅವನದೊಂದು ಸೌಂಡ್ಸ್ ಅಂಗಡಿ, ಅದರ ಹಿಂದೆ ಮೊಟ್ಟೆಯ ತಟ್ಟೆ ಅಂಟಿಸಿದ ರೆಕಾರ್ಡಿಂಗ್ ಕೋಣೆ. ಚಪ್ಪಲಿ ಅಂಗಡಿಯ ಓಪನಿಂಗು, ಕಳೆದುಹೋದ ಎಮ್ಮೆ, ನಲ್ಲಿ ನೀರಿನ ಕಂದಾಯ, ಯಾರದೋ ಶಿವಗಣಾರಾಧನೆ, ತಾಲೂಕಿನ ಯಾವ ಆಟೋ ಮೈಕು ಕಟ್ಟಿಕೊಂಡು ಹೊರಟರೂ ಒಳಗಿನ ದನಿ ಅವನದೇ, ಅಂದರೆ ಅವನದಲ್ಲ. ರಾಜಕೀಯದವರು ದನಿ ಇಲ್ಲದವರ ದನಿ ತಾವು ಎನ್ನುತ್ತಾರೆ, ನಾನು ದನಿ ಇರುವವರ ದನಿ, ಎಂದು ಅವನೇ ಮದುವೆ ಮನೆಗಳಲ್ಲಿ ಜೋಕು ಹೊಡೆಯುತ್ತಿದ್ದ. ಜನ ನಕ್ಕು, “ಈಗ ಪ್ರಿನ್ಸಿಪಾಲ್ರುದು ಮಾಡು, ಈಗ ಕಂಡಕ್ಟರ್ ಚನ್ನಬಸಪ್ಪಂದು ಮಾಡು,” ಎನ್ನುತ್ತಿದ್ದರು. ನಿನ್ನದು ಮಾಡು ಎಂದು ಯಾರೂ ಹೇಳಿದ್ದಿಲ್ಲ. ಮಾಡೆಂದಿದ್ದರೆ ಏನು ಮಾಡುತ್ತಿದ್ದೆ ಎಂದು ಲೋಟದ ತಳದ ಕಾಫಿಪುಡಿಯನ್ನು ನೋಡುತ್ತಿರುವಾಗಲೇ ಫೋನು ಬಂತು.

“ಸಾರ್, ನಾನು ರಾಜಕುಮಾರ. ಕ್ಯಾಸನೂರಿನ ಈಚೆಯಿಂದ. ಕೆಂಪಪ್ಪನ ಮಗ.”

ಹೆಸರು ಕೇಳಿ ತೀರ್ಥೇಶ ಲೋಟವನ್ನು ಕೆಳಗಿಟ್ಟ.

“ಅಮ್ಮಂಗೆ ಜ್ವರ ಸಾರ್. ರಕ್ತ ಕಳಿಸಿದ್ರಲ್ಲ, ಮಂಗನ ಕಾಯಿಲೆನೇ ಅಂತ ಇವತ್ತು ಬಂತು. ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ಬೇಕು, ಗಾಡಿನೂ ಬಂದು ನಿಂತದೆ. ಹತ್ತಾಕೇ ಒಲ್ಲೆ ಅಂತಾಳೆ. ಹಠ ಅಂದ್ರೆ ಹಠ. ‘ಆ ಗಾಡೀಲಿ ಕೂಗ್ತಾರಲ್ಲ, ಅವ್ರು ಬಂದು ಹೇಳ್ಲಿ, ಆಮೇಲೆ ಹೋಗ್ತೀನಿ’ ಅಂತಾಳೆ ಸಾರ್.”

“ಅವ್ರು ಅಂದ್ರೆ?”

“ಅಪ್ಪ ಸಾರ್, ಇನ್ಯಾರು? ನೀವು ಅಪ್ಪನ ದನಿ ಮಾಡಿದ್ದೀರಲ್ಲ. ಒಂದ್ಸಲ ಬಂದು ಆ ದನೀಲಿ ‘ಹತ್ತು’ ಅಂದ್ಬಿಡಿ. ಡಾಕ್ಟ್ರು ಸಂಜೆ ತನಕ ಕಾಯೋ ಹಂಗಿಲ್ಲ ಅಂದಿದಾರೆ. ನಿಮ್ಮ ಕಾಲಿಗೆ ಬೀಳ್ತೀನಿ.”

ಸೊರಬದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕುಳಿತ ಹೆಂಗಸೊಬ್ಬಳು ತೊಡೆಯ ಮೇಲೆ ಬುಟ್ಟಿಯಿಟ್ಟುಕೊಂಡು ತೂಕಡಿಸುತ್ತಿದ್ದಳು. ಮಾರ್ಚಿನ ಬಿಸಿಲು ಗದ್ದೆಗಳ ಕೂಳೆಯ ಮೇಲೆ ಬಿದ್ದು ಎಲ್ಲವೂ ಸುಟ್ಟ ಮೇಲೆ ಉಳಿದದ್ದರಂತೆ ಕಾಣುತ್ತಿತ್ತು. ಸುಟ್ಟ ಮೇಲೆ ಉಳಿದದ್ದು. ಅವನು ಕಣ್ಣು ಮುಚ್ಚಿದ. ಸುಟ್ಟ ಊರಿಗೆ ಪರಿಹಾರ ಬಂತಾ ಮೇಡಂ, ಎಂದು ಕೇಳಿದ್ದು ಅವನೇ, ಇಪ್ಪತ್ತು ವರ್ಷದ ಹಿಂದೆ, ಇಂಗ್ಲಿಷ್ ಐಚ್ಛಿಕದ ತರಗತಿಯಲ್ಲಿ. ತರಗತಿ ಬಿದ್ದು ಬಿದ್ದು ನಕ್ಕಿತ್ತು. ವರದಮ್ಮ ಮೇಡಂ ನಕ್ಕಿರಲಿಲ್ಲ. ಅವರ ಬಳಿ ಒಂದೇ ಹಾಡಿನ ನಾಲ್ಕು ರೆಕಾರ್ಡಿಂಗುಗಳಿದ್ದವು, ಎರಡು ಕ್ಯಾಸೆಟ್ಟಿನಲ್ಲಿ, ಎರಡು ಸೀಡಿಯಲ್ಲಿ. ಹಾಡು ಎಂದರೆ ಹಾಡಲ್ಲ, ಮುನ್ನೂರು ವರ್ಷ ಹಳೆಯ ಒಂದು ದೊಡ್ಡ ಮೇಳಗಾನ, ಸಂಗೀತದ ಶಕ್ತಿಯನ್ನು ಹೊಗಳಲು ಇಂಗ್ಲಿಷಿನಲ್ಲಿ ಕಟ್ಟಿದ್ದು, ಒಂದೂವರೆ ಗಂಟೆಯದು. ಯುದ್ಧ ಗೆದ್ದ ರಾಜನೊಬ್ಬ ಊಟಕ್ಕೆ ಕುಳಿತಿದ್ದಾನೆ, ಪಕ್ಕದಲ್ಲಿ ಪ್ರೇಯಸಿ, ಎದುರಿಗೆ ಹಾಡುಗಾರ. ಹಾಡುಗಾರ ತಂತಿ ಮೀಟಿ, ನೀನೇ ದೇವರು ಎಂದು ಹಾಡಿದರೆ ರಾಜ ದೇವರಂತೆ ತಲೆಯಾಡಿಸುತ್ತಾನೆ. ಕುಡಿತವನ್ನು ಹಾಡಿದರೆ ಕುಡಿಯುತ್ತಾನೆ. ಸೋತವನ ಗೋಳು ಹಾಡಿದರೆ ಅಳುತ್ತಾನೆ. ಪ್ರೀತಿಯೆಂದರೆ ಪ್ರೀತಿ. ಕೊನೆಗೆ ಹಾಡುಗಾರ ಸ್ವರ ಬದಲಿಸಿ, ಅಗೋ ನಿನ್ನ ಸತ್ತ ಸೈನಿಕರು, ಮಣ್ಣು ಕಾಣದೆ ಬಿದ್ದವರು, ಪಂಜು ಹಿಡಿದು ಎದ್ದು ಬರುತ್ತಿದ್ದಾರೆ ನೋಡು, ಎನ್ನುತ್ತಾನೆ. ರಾಜ ಎದ್ದು ಪಂಜು ಹಿಡಿದು ಹೋಗಿ ಊರಿಗೇ ಬೆಂಕಿ ಹಚ್ಚುತ್ತಾನೆ. ಮೇಡಂ ಒಂದೇ ತುಣುಕನ್ನು ನಾಲ್ಕೂ ರೆಕಾರ್ಡಿಂಗಿನಲ್ಲಿ ಒಂದರ ಹಿಂದೆ ಒಂದು ಹಾಕುತ್ತಿದ್ದರು. ಒಂದರಲ್ಲಿ ನೂರಾರು ಜನ, ಜಾತ್ರೆಯ ಊಟದ ಪಂಕ್ತಿಯ ಹಾಗೆ ಭಾರವಾಗಿ ಹಾಡುವವರು. ಇನ್ನೊಂದರಲ್ಲಿ ಕೆಲವರೇ, ಕುರಿಯ ಕರುಳಿನಿಂದ ಹೊಸೆದ ತಂತಿಯ ಹಳೇ ವಾದ್ಯಗಳು, ಬಸ್ಸು ತಪ್ಪಿಹೋಗುತ್ತದೆ ಎಂಬ ಅವಸರ. “ನೋಡಿ, ಅದೇ ಸ್ವರ, ಅದೇ ಮಾತು. ಇದರಲ್ಲಿ ರಾಜನ ಮೇಲೆ ಕನಿಕರ ಹುಟ್ಟುತ್ತದೆ. ಅದರಲ್ಲಿ ಭಯ.” ತೀರ್ಥೇಶನಿಗೆ ಸಂಗೀತ ಹತ್ತಿರಲಿಲ್ಲ, ದನಿ ಹತ್ತಿತ್ತು. ಒಂದೇ ಮಾತನ್ನು ಮರೆವಿನ ಅಜ್ಜಿಯಂತೆ ಇಪ್ಪತ್ತು ಸಲ ಹೇಳುವ ಆ ಮೇಳವನ್ನೂ, ನೆಲಮಾಳಿಗೆಯಿಂದ ಬರುವಂಥ ಆ ಗಂಡಸಿನ ಮಂದ್ರವನ್ನೂ ಅವನು ಕಾಲೇಜಿನ ಮೆಟ್ಟಿಲ ಮೇಲೆ ಮಾಡಿ ತೋರಿಸಿದ. ಗೆಳೆಯರು ಚಪ್ಪಾಳೆ ತಟ್ಟುತ್ತಿದ್ದಾಗ ಹಿಂದೆ ಮೇಡಂ ನಿಂತಿದ್ದರು. “ಚೆನ್ನಾಗಿದೆ ತೀರ್ಥೇಶ,” ಎಂದರು. “ಅದು ಹಾಡಿದವನು. ಇದರಲ್ಲಿ ನೀನೆಲ್ಲಿ?” ಗೆಳೆಯರು ಅದಕ್ಕೂ ನಕ್ಕರು. ಆ ನಗು ಇನ್ನೂ ಕಿವಿಯ ಹಿಂದೆ ಬೆವರಿನಂತೆ ಕೂತಿದೆ.

“ಶಿರಾಳಕೊಪ್ಪ, ಶಿರಾಳಕೊಪ್ಪ ಇಳಿಯೋರು!” ಕಂಡಕ್ಟರ್ ಕೂಗಿದ. ತೀರ್ಥೇಶನ ತುಟಿ ತಾನಾಗಿ ಅಲುಗಿತು. ಆ ಕೂಗನ್ನು ನುಂಗಿ ಒಳಗಿಟ್ಟುಕೊಂಡದ್ದಾಯಿತು. ಇದೊಂದು ರೋಗ. ಬಳ್ಳಿಗಾವಿಯ ತಿರುವು ಆಗಲೇ ಹಿಂದೆ ಹೋಗಿತ್ತು, ಅವನು ನೋಡಿರಲಿಲ್ಲ.

ಮಂಗನ ಕಾಯಿಲೆಯ ಪ್ರಚಾರಕ್ಕೆ ರೆಕಾರ್ಡಿಂಗ್ ಮಾಡಿಕೊಡಿ ಎಂದು ಆರೋಗ್ಯದವರು ಬಂದದ್ದು ಚಳಿಗಾಲ ಮುಗಿಯುವಾಗ. ಮಂಗನ ಕಾಯಿಲೆಗೆ ಮಂಗಾಟದವನೇ ಸರಿ, ಎಂದು ಅವನೇ ಹೇಳಿ ನಗಿಸಿದ್ದ. ಮೊದಲನೆಯದನ್ನು ನೆಟ್ಟಗೆ ಓದಿದ: ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಅದರಲ್ಲಿ ಕಚ್ಚಿ ರೋಗ ಅಂಟಿಸುವ ಉಣುಗು ಇರುತ್ತದೆ, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ. ಆಟೋ ಓಡಿಸುವ ಚನ್ನೇಶ ಎರಡು ದಿನ ತಿರುಗಿ ಬಂದು, “ಸಾರ್, ಒಂದು ನಾಯಿನೂ ತಲೆ ಎತ್ತಲಿಲ್ಲ,” ಎಂದ. ಅದು ತೀರ್ಥೇಶನ ಸ್ವಂತ ದನಿ. ಅದಕ್ಕೆ ನಾಯಿಯೂ ತಲೆ ಎತ್ತಲಿಲ್ಲ. ಆಗ ನೆನಪಾದದ್ದು ಕೆಂಪಪ್ಪ. ಕ್ಯಾಸನೂರಿನ ಕಡೆಯ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದವನು, ನೀರು ಬಿಟ್ಟಾಗ, ಗ್ರಾಮಸಭೆ ಕರೆದಾಗ, ದನಕ್ಕೆ ಚುಚ್ಚುವವರು ಬಂದಾಗ ರಸ್ತೆಯಲ್ಲಿ ನಿಂತು ಕೂಗಿದರೆ ಗದ್ದೆಯ ಆಚೆಯ ಮನೆಯ ಬಾಗಿಲೂ ತೆರೆಯುತ್ತಿತ್ತು. ಕಳೆದ ವರ್ಷ ಹೃದಯ ನಿಂತು ಹೋದ. ಮಣ್ಣಿಗೆ ತೀರ್ಥೇಶನೂ ಹೋಗಿದ್ದ. ಮೈಕು ಅವನದೇ ಇತ್ತು. “ಏ ಕೇಳ್ರಪ್ಪೋ!” ಎಂದು ಕೋಣೆಯಲ್ಲಿ ಒಮ್ಮೆ ಕೂಗಿ ನೋಡಿದಾಗ ಅವನ ರೋಮವೇ ನಿಂತಿತ್ತು. ಚೆನ್ನಾಗಿ ಬಂತು ಎಂದು ನಿಂತಿತ್ತು. ಮೂರು ಸಲ ಕೂಗಿದ, ಅದಕ್ಕೂ ಲೆಕ್ಕವಿತ್ತು. ಆ ಸೀಮೆಯಲ್ಲಿ ಒಂದೇ ಸಲ ಕರೆದರೆ ಯಾರೂ ಓ ಅನ್ನುವುದಿಲ್ಲ. ಅವನ ಅಜ್ಜಿ ನಿಂಗಮ್ಮ ಸೊರಬದ ಕಡೆಯವಳೇ. “ಮಗಾ, ಬೆನ್ನ ಹಿಂದಿಂದ ನಿನ್ನ ಹೆಸರು ಕೇಳಿತು ಅಂತ ಓ ಅಂದ್ಬಿಡಬ್ಯಾಡ. ನಿನ್ನವ್ವನ ದನಿ ಆಗಿದ್ರೂ ಅನ್ನಬ್ಯಾಡ. ಅವು ದನಿ ಕದೀತಾವೆ. ಮೂರು ಸಲ ಕರೆದ್ರೆ ಮಾತ್ರ ಮನುಷ್ಯರು. ಅವಕ್ಕೆ ಮೂರನೇ ಸಲಕ್ಕೆ ಉಸಿರಿರಲ್ಲ.” ಮೂರು ಸಲ ಕರೆದರೆ ಜನ ನಂಬಿ ಹೊರಗೆ ಬರುತ್ತಾರೆ ಎಂದು ಮೂರು ಸಲ ಕರೆದ. ಹಿಂದೆ ಸಂಗೀತ ಬೇಕಿತ್ತು. ಭಜನೆ ಹಾಕಿದರೆ ಒಬ್ಬರಿಗೆ, ವಚನ ಹಾಕಿದರೆ ಇನ್ನೊಬ್ಬರಿಗೆ, ಸಿನೆಮಾದ್ದು ಹಾಕಿದರೆ ಆ ಹೀರೋ ಬೇಡದವರಿಗೆ ಬೇಜಾರು. ಯಾರ ಮನೆಯದೂ ಅಲ್ಲದ ಸಂಗೀತ ಬೇಕೆಂದು ಹುಡುಕುವಾಗ ಮೇಡಂ ಕೊಟ್ಟು, ಅವನು ಎಂದೋ ಪೆನ್‌ಡ್ರೈವಿಗೆ ಇಳಿಸಿಟ್ಟಿದ್ದ ಆ ನಾಲ್ಕೂ ರೆಕಾರ್ಡಿಂಗುಗಳು ಸಿಕ್ಕವು. ತುತ್ತೂರಿಯ ಭಾಗ ಮಾತಿಗೆ ಅಡ್ಡಬಂತು. ಒಂದು ಕಡೆ ತಂತಿಗಳು ತಗ್ಗಿ, ನಿಧಾನವಾಗಿ, ತೆವಳಿದಂತೆ ಬಂದು ಮಾತಿಗೆ ಜಾಗ ಬಿಟ್ಟುಕೊಡುತ್ತಿದ್ದವು. ಅದನ್ನು ಕತ್ತರಿಸಿ, ಅದರ ಬಾಲಕ್ಕೆ ಮೇಳವನ್ನು ಅಂಟಿಸಿದ. ಕೆಂಪಪ್ಪ ಮೂರು ಸಲ ಕರೆಯುತ್ತಾನೆ, ಪ್ರತಿ ಕರೆಗೂ ಹಿಂದಿನಿಂದ ನೂರು ಜನ ಓಗೊಡುತ್ತಾರೆ. ಅದ್ಭುತ ಎಂದರು ಆರೋಗ್ಯದವರು. ಚನ್ನೇಶನ ಆಟೋ ಹೋದಲ್ಲೆಲ್ಲ ಜನ ಓಡಿ ಬಂದು, ನಕ್ಕು, ಕೆಲವರು ಕಣ್ಣೊರೆಸಿಕೊಂಡು, ನಿಂತು ಕೇಳಿದರು. ತೀರ್ಥೇಶ ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ.

ಈಗ, ಬಸ್ಸು ಸೊರಬದ ಹತ್ತಿರ ಬರುವಾಗ, ಆ ತಗ್ಗಿದ ತಂತಿಗಳ ಭಾಗ ಯಾವುದೆಂದು ಅವನಿಗೆ ನೆನಪಾಯಿತು. ನೆನಪಾಯಿತು ಎನ್ನುವುದೂ ಸುಳ್ಳು, ಆಗಲೂ ಗೊತ್ತಿತ್ತು. ಪಂಜು ಹಿಡಿದ ಸತ್ತವರು ಎದ್ದು ಬರುವ ಭಾಗ ಅದು. ಮಾತಿಗೆ ಜಾಗ ಚೆನ್ನಾಗಿದೆ ಎಂದು ಅದನ್ನೇ ತೆಗೆದುಕೊಂಡಿದ್ದ.

ಪಕ್ಕದ ಹೆಂಗಸು ಎಚ್ಚರಾಗಿ, “ಏನಪ್ಪಾ, ಮೈ ಹುಷಾರಿಲ್ವಾ? ಒಬ್ಬನೇ ಏನೇನೋ ಗುನುಗ್ತೀಯಲ್ಲ,” ಎಂದಳು.

ಸೊರಬದಲ್ಲಿ ಇಳಿದಾಗ ರಾಜಕುಮಾರ ಬೈಕು ತಂದಿದ್ದ. ಮೂವತ್ತರ ಒಳಗಿನವನು, ಅಪ್ಪನ ಮೂಗು, ಅಪ್ಪನ ದನಿಯಲ್ಲ. ಅದು ತೀರ್ಥೇಶನ ಹತ್ತಿರ ಇದೆ ಎಂಬಂತೆ ಅವನು ತೀರ್ಥೇಶನ ಮುಖಕ್ಕಿಂತ ಗಂಟಲನ್ನೇ ನೋಡುತ್ತಿದ್ದ. “ಎಣ್ಣೆ ಹಚ್ಕೊಳ್ಳಿ ಸಾರ್, ಕಾಡಿನ ದಾರಿ,” ಎಂದು ಸೀಸೆ ಕೊಟ್ಟ. ಸೀಸೆಯ ಮೇಲಿನ ಎಚ್ಚರಿಕೆಯ ಮಾತುಗಳು ತೀರ್ಥೇಶನಿಗೆ ಬಾಯಿಪಾಠ, ಅವನೇ ಓದಿದ್ದವು. ಕುತ್ತಿಗೆಗೆ ಹಚ್ಚಿಕೊಂಡಷ್ಟೂ ಅಲ್ಲಿ ಏನೋ ಹರಿದಾಡಿದಂತಾಯಿತು. ದಾರಿಯ ಎರಡೂ ಬದಿಗೆ ತರಗೆಲೆ ಹಾಸಿಕೊಂಡು ಬಿದ್ದಿತ್ತು. ಗಾಳಿ ಬೀಸಿದಾಗ ಅದೆಲ್ಲ ಒಮ್ಮೆಲೇ ಸದ್ದು ಮಾಡಿ ಒಮ್ಮೆಲೇ ನಿಲ್ಲುತ್ತಿತ್ತು, ಯಾರೋ ಕೈ ಎತ್ತಿ ಇಳಿಸಿದಾಗ ನಿಲ್ಲುವ ಮೇಳದಂತೆ.

“ಹೆಂಗಾಯ್ತು ಅಂತೀರಿ ಸಾರ್,” ರಾಜಕುಮಾರ ಗಾಳಿಗೆ ಕೂಗಿ ಹೇಳುತ್ತಿದ್ದ. “ಮೈಕಿನ ಗಾಡಿ ಬಂತು ಅಂದ್ರೆ ಸಾಕು, ಅಮ್ಮ ಕೆಲಸ ಬಿಟ್ಟು ಏಳೋಳು. ಅದರ ಹಿಂದೆನೇ ನಡ್ಕಂಡು ಹೋಗೂದು. ನಾವೂ ತಮಾಷೆ ಅಂದ್ಕಂಡ್ವಿ. ಆ ಆಟೋದವ ತಿರುವಿನ ಹತ್ರ ಮರದ ಕೆಳಗೆ ನಿಲ್ಸಿ ಊಟ ಮಾಡ್ತಾನಲ್ಲ, ಆಗ ರೆಕಾರ್ಡು ಬಂದ್ ಮಾಡಿರ್ತಾನೆ. ಮತ್ತೆ ಹಚ್ಚೂ ತನಕ ಇವ್ಳು ಅವನಿಗೆ ಕಾಣದ ಹಂಗೆ ಗಿಡದ ಮಟ್ಟಿ ಹಿಂದೆ ಕೂತ್ಕಳೂದು. ನಾಚಿಕೆ ಅಲ್ದಾ! ಕೂತಿದ್ದು ಎಲ್ಲಿ? ತರಗಿನ ಮೇಲೆ!”

ಕಾಡಿಗೆ ಹೋಗಬೇಡಿ ಎಂದು ಕೂಗಿದ ದನಿಯೇ ಅವಳನ್ನು ಕಾಡಿಗೆ ಕರೆದುಕೊಂಡು ಹೋಗಿ ಕೂರಿಸಿತು. ರಾಜಕುಮಾರನ ಮಾತಿನಲ್ಲಿ ದೂರಿರಲಿಲ್ಲ, ತೀರ್ಥೇಶನಿಗೆ ಅದೇ ಭಯವಾಯಿತು. ಅವನು ಬೈದಿದ್ದರೆ ಬೈಗುಳವನ್ನಾದರೂ ಹಿಡಿದುಕೊಳ್ಳಬಹುದಿತ್ತು. ಹಾಡುಗಾರನಿಗೆ ಆಮೇಲೆ ಏನಾಯಿತು ಮೇಡಂ? ಇದನ್ನೂ ಅವನೇ ಕೇಳಿದ್ದ, ಪರಿಹಾರದ ಜೋಕು ಮುಗಿದ ಮೇಲೆ, ನಿಜವಾಗಿ ತಿಳಿಯಬೇಕೆಂದು. “ಪದ್ಯ ಆ ಕಡೆ ತಿರುಗಿಯೂ ನೋಡುವುದಿಲ್ಲ,” ಎಂದಿದ್ದರು ಮೇಡಂ. “ಆಮೇಲೆ ಒಬ್ಬ ಸಾಧ್ವಿ ಬರುತ್ತಾಳೆ, ಅವಳ ಸಂಗೀತಕ್ಕೆ ದೇವದೂತನೇ ಇಳಿದು ಬರುತ್ತಾನೆ, ಅವಳಿಗೂ ಹಾಡುಗಾರನಿಗೂ ಕಿರೀಟ ಹಂಚುತ್ತಾರೆ, ಎಲ್ಲರೂ ಜೋರಾಗಿ ಹಾಡಿ ಮುಗಿಸುತ್ತಾರೆ.” ನಾಲ್ಕು ರೆಕಾರ್ಡಿಂಗಿನಲ್ಲೂ? “ನಾಲ್ಕರಲ್ಲೂ. ಐದನೆಯದೊಂದು ಬಂದರೆ ಅದರಲ್ಲೂ.”

ಮನೆಯ ಮುಂದೆ ಬಿಳಿಯ ಗಾಡಿ ಹಿಂಬಾಗಿಲು ತೆರೆದು ನಿಂತಿತ್ತು. ಅಂಗಳದಲ್ಲಿ ಕೇರಿಯ ಜನ. ತೀರ್ಥೇಶ ಬೈಕಿನಿಂದ ಇಳಿದದ್ದೇ ಅವರೆಲ್ಲ ಒಮ್ಮೆಲೇ ಸುಮ್ಮನಾದರು. ನಾಟಕದ ಪರದೆ ಎದ್ದಾಗ ಆಗುವ ಮೌನ ಅದು, ಅವನಿಗೆ ಚೆನ್ನಾಗಿ ಗೊತ್ತು. ಇಂಥ ಮೌನಕ್ಕಾಗಿಯೇ ಜೀವ ಸವೆಸಿದ್ದಾನೆ. ಇವತ್ತು ಅದರ ಮುಂದೆ ತಲೆ ತಗ್ಗಿಸಿಕೊಂಡು ನಡೆದ. ಆಶಾ ಕಾರ್ಯಕರ್ತೆ ಸುನಿತಾ ಮುಂದೆ ಬಂದಳು. ಅವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. “ಒಸಡಲ್ಲಿ ರಕ್ತ ಬರ್ತಿದೆ ಸಾರ್. ನಂಬೋದು ಬಿಡೋದು ಆಮೇಲೆ, ಮೊದಲು ಗಾಡಿ ಹತ್ಸಿ. ಬೇಗ.” ಹಿಂದಿನಿಂದ ಮುದುಕನೊಬ್ಬ, “ಹಾಡು ಹಚ್ಚಾಕೆ ಬೇಡ್ವನಾ? ನನ್ನ ಫೋನಲ್ಲಿ ಅದೆ,” ಎಂದ. ರಾಜಕುಮಾರನ ಹೆಂಡತಿ ನಾಗಶ್ರೀ ಅವನನ್ನು ಗದರಿಸಿದಳು: “ನೀವು ಸುಮ್ನಿರಿ ಅಜ್ಜಾ, ಇದೇನು ಆರ್ಕೆಸ್ಟ್ರಾನಾ?”

ಒಳಗೆ ಬೆಳಕು ಕಡಿಮೆ. ಬಂಗಾರಮ್ಮ ಗೋಡೆಯ ಕಡೆ ಮುಖಮಾಡಿ ಚಾಪೆಯ ಮೇಲೆ ಮಲಗಿದ್ದಳು. ಕಂಬಳಿ ಹೊದ್ದಿದ್ದರೂ ಭುಜ ನಡುಗುತ್ತಿತ್ತು. ಗೋಡೆಯ ಮೇಲೆ ಕೆಂಪಪ್ಪನ ಫೋಟೋ. ದನಿಯಿಲ್ಲದ ಕೆಂಪಪ್ಪ, ಬಾಯಿ ಮುಚ್ಚಿಕೊಂಡು, ಗುರುತೇ ಸಿಗದಷ್ಟು ಬಡಪಾಯಿ. ರಾಜಕುಮಾರ ಹಿಂದಿನಿಂದ ತೀರ್ಥೇಶನ ಮೊಣಕೈ ಒತ್ತಿದ. ಎಲ್ಲರೂ ಬಾಗಿಲಲ್ಲಿ ಕಿಕ್ಕಿರಿದಿದ್ದರು. ಬಾಯಿ ತೆರೆದರೆ ದನಿ ಬರುತ್ತದೆ, ಅದರಲ್ಲಿ ಅನುಮಾನವಿರಲಿಲ್ಲ. ಬೆಳಿಗ್ಗೆಯಿಂದ ಅದೇ ಅಲ್ಲವೇ ಬರುತ್ತಿರುವುದು? ಹೆದರಿಕೆ ಬೇರೆ: ಇವಳು ಓ ಎಂದರೆ? ಓ ಎಂದ ಮೇಲೆ ಎದ್ದು ನಡೆದುಕೊಂಡು ಎಲ್ಲಿಗೆ ಬರುತ್ತಾಳೆ, ಗಾಡಿಗೋ, ದನಿಗೋ? ಸತ್ತವನು ಕರೆದರೆ ಹೋಗುವುದು ಎಲ್ಲಿಗೆ ಎಂದು ಈ ಕೇರಿಯ ಮಗುವಿಗೂ ಗೊತ್ತು.

“ಬಂಗಾರಮ್ಮಾ,” ಎಂದ.

ಕೆಂಪಪ್ಪನೇ. ಬಾಗಿಲಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಚಾಪೆಯ ಮೇಲೆ ಭುಜದ ನಡುಕ ನಿಂತಿತು. ಅವಳು ಓ ಅನ್ನಲಿಲ್ಲ.

“ಬಂಗಾರಮ್ಮಾ.”

ತಲೆ ಮೆಲ್ಲಗೆ ಈ ಕಡೆ ತಿರುಗಿತು. ಜ್ವರದಿಂದ ಹೊಳೆಯುವ ಕಣ್ಣುಗಳು ತೆರೆದಿದ್ದವು, ಅವನನ್ನು ನೋಡುತ್ತಿದ್ದವು. ಓ ಅನ್ನಲಿಲ್ಲ. ಮೂರನೆಯದಕ್ಕೆ ಕಾಯುತ್ತಿದ್ದಾಳೆ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು. ತೀರ್ಥೇಶನ ಕಿವಿಯಲ್ಲಿ ಆ ತಂತಿಗಳು ತೆವಳಲು ಶುರುವಾದವು. ಯಾರ ಫೋನೂ ಹಾಡಿರಲಿಲ್ಲ. ಉಸಿರು ಎಳೆದ, ಅದು ಅರ್ಧಕ್ಕೇ ನಿಂತಿತು. ಅವಕ್ಕೆ ಮೂರನೇ ಸಲಕ್ಕೆ ಉಸಿರಿರಲ್ಲ ಮಗಾ. ಅಂದರೆ ಈಗ ನಾನು? ಸುನಿತಾ ಹಿಂದಿನಿಂದ “ಸಾರ್” ಎಂದು ಪಿಸುಗುಟ್ಟಿದಳು. ಬಾಯಿ ತೆರೆದ. ಕೆಂಪಪ್ಪ ಬರಲಿಲ್ಲ, ಮಂಜಪ್ಪ ಬರಲಿಲ್ಲ, ಮಾವ ಬರಲಿಲ್ಲ. ತೆಳ್ಳಗಿನ, ಒಡೆದ, ಬಿಸಿಲಿಗೆ ಹಾಕಿ ತರಲು ಮರೆತ ಬಟ್ಟೆಯಂಥ ಒಂದು ಸದ್ದು ಬಂತು.

“ಅಮ್ಮಾ. ಆಸ್ಪತ್ರೆಗೆ ಹೋಗಿ. ನಾನು ತೀರ್ಥೇಶ.”

ಬಾಗಿಲಲ್ಲಿ “ಛೆ!” ಎಂದಿತು ಒಂದು ದನಿ. ಎಲ್ಲ ಕೆಡಿಸಿದ ಎಂದಿತು ಇನ್ನೊಂದು. ಬಂಗಾರಮ್ಮ ಮಾತ್ರ ಒಣಗಿದ ತುಟಿಯನ್ನು ನೆಕ್ಕಿಕೊಂಡು, “ಓ,” ಎಂದಳು.

ಆಮೇಲೆ, “ನೀನೇ ಏನು ಆ ಗಾಡೀಲಿ ಕೂಗೋನು? ಇಷ್ಟು ಸಣ್ಣಕಿದ್ದೀಯ. ನಾನು ದೊಡ್ಡಾಳು ಅಂದ್ಕಂಡಿದ್ದೆ.”

“ಅಮ್ಮಾ, ಅದು ಅಪ್ಪನ...” ರಾಜಕುಮಾರ ಶುರುಮಾಡಿದ.

“ಸುಮ್ನಿರಾ. ನಿಮ್ಮಪ್ಪ ಇದ್ದಷ್ಟು ದಿನ ನನ್ನ ಹೆಸರು ಹಿಡಿದು ಕರೆದೋರಲ್ಲ. ‘ಏ, ಇವಳೇ’ ಅಷ್ಟೇ. ನನ್ನ ಹೆಸರು ಅವರಿಗೆ ಗೊತ್ತಿತ್ತೋ ಇಲ್ವೋ!” ಅವಳ ಗಂಟಲಲ್ಲಿ ನಗುವಿನಂಥದ್ದೊಂದು ಎದ್ದು ಕೆಮ್ಮಾಯಿತು. “ಇವರ್ಯಾರೋ ಬೇರೆಯೋರು ಅಂತ ನಂಗೆ ಮೊದಲ್ನೇ ದಿನವೇ ಗೊತ್ತು. ಅವರು ಕೂಗಿದ ಮೇಲೆ ಒಂದ್ಸಲ ಕ್ಯಾಕರಿಸೋರು. ಇವ ಕ್ಯಾಕರಿಸೂದಿಲ್ಲ. ಕೂಗೋರು ಬರ್ಲಿ ಅಂತ ಅಂದಿದ್ದು ಇವನ್ನೇ. ನೀವು ಎಂತ ತಿಳ್ಕಂಡ್ರೋ.”

ನಾಚಿಕೆಯೆಂಬುದು ಭಯಕ್ಕಿಂತ ಮೊದಲು ಬಂತು. ಆ ಕ್ಯಾಕರಿಕೆ ಅವನಿಗೆ ಗೊತ್ತಿತ್ತು, ಕೊಳಕು ಎಂದು ಬಿಟ್ಟಿದ್ದ. “ಗೊತ್ತಿದ್ದೂ ಹಿಂದೆ ಯಾಕೆ ಹೋದ್ರಿ ಅಮ್ಮಾ?” ಎಂದ. ಅದೇ ತೆಳ್ಳಗಿನ ದನಿ.

“ಸುಳ್ಳಾದ್ರೂ ದನಿ ಅಲ್ದಾ?” ಎಂದಳು ಬಂಗಾರಮ್ಮ, ಕೇಳಿದವನೇ ದಡ್ಡ ಎಂಬಂತೆ. ನಾಗಶ್ರೀ ಬಾಗಿ ಅವಳ ತುಟಿಯ ಕೆಂಪನ್ನು ಬಟ್ಟೆಯಿಂದ ಒರೆಸಿದಳು. ರಕ್ತ ಕಾಣದಂತೆ ಬಟ್ಟೆಯನ್ನು ಮಡಚಿದ್ದನ್ನು ತೀರ್ಥೇಶನಿಗೆ ನೋಡದೆ ಇರಲಾಗಲಿಲ್ಲ. ಬಂಗಾರಮ್ಮ ಕೈಸನ್ನೆಯಲ್ಲಿ ಅವನನ್ನು ಹತ್ತಿರ ಕರೆದಳು. ಬಾಗಿದ. ಜ್ವರದ ಕಾವು ಅವನ ಕೆನ್ನೆಗೆ ತಾಗಿತು. “ಒಂದು ಕೇಳ್ಬೇಕಿತ್ತು. ಹಿಂದೆ ಕೂಗ್ತಾರಲ್ಲ, ಗುಂಪು. ಅವರ್ಯಾರು? ಅಷ್ಟು ಜನ ಆ ಸಣ್ಣ ಆಟೋದಲ್ಲಿ ಎಲ್ಲಿ ಕೂತಿದ್ರು? ನೋಡೂವ ಅಂತಲೇ ಅಷ್ಟು ದೂರ ಹೋದ್ದು. ಕಾಣ್ಲಿಲ್ಲ.”

ಅವರು ಯಾರೆಂದು ಅವನಿಗೆ ಗೊತ್ತಿತ್ತು. ಪಂಜು ಹಿಡಿದವರು. “ಯಾರೂ ಅಲ್ಲ ಅಮ್ಮಾ, ಬರೇ ರೆಕಾರ್ಡು,” ಎಂದ.

“ಈಗ್ಲೂ ಕೂಗ್ತಾ ಇದಾರೆ. ನೀನು ಮಾತಾಡುವಾಗ ನಿಲ್ಸಿದ್ರು,” ಎಂದಳು. ಅವಳ ಮುಖದಲ್ಲಿ ಮೊದಲ ಸಲ ಹೆದರಿಕೆ ಕಾಣಿಸಿತು, ಮಗುವಿನ ಮುಖದ ಮೇಲೆ ಕಾಣುವಂಥದ್ದು. “ಗಾಡಿ ಹತ್ತಿಸ್ರಾ ನನ್ನ. ಇಲ್ಲಿದ್ರೆ ಅವರು ಬಿಡೂದಿಲ್ಲ.”

ಎತ್ತಿಕೊಂಡು ಹೋದರು. ಹಿಂಬಾಗಿಲು ಹಾಕುವಾಗ ತೀರ್ಥೇಶ ಏನಾದರೂ ಹೇಳಬೇಕೆಂದು ಬಾಯಿ ತೆರೆದ, ಏನು ಬರುತ್ತದೋ ಎಂದು ಮುಚ್ಚಿದ. ಗಾಡಿ ಧೂಳೆಬ್ಬಿಸಿಕೊಂಡು ತಿರುವಿನ ಮರದ ಕೆಳಗಿಂದ ಮರೆಯಾಯಿತು. ರಾಜಕುಮಾರ, ನಾಗಶ್ರೀ, ಸುನಿತಾ ಅದರಲ್ಲೇ ಹೋದರು. ಅಂಗಳದ ಜನ ಅವನಿಗೆ ಬೆನ್ನುಹಾಕಿ ಚದುರಿದರು, ಬೈಕಿನಲ್ಲಿ ಕರೆತಂದವನೂ ಗಾಡಿಯಲ್ಲಿ ಹೋಗಿಯಾಗಿತ್ತು. ಮುಖ್ಯರಸ್ತೆಯ ತನಕ ನಡೆದೇ ಹೋಗಬೇಕೆಂದು ಹೊರಟ. ನಡೆಯುತ್ತಲೇ ಚನ್ನೇಶನಿಗೆ ಫೋನು ಮಾಡಿದ.

“ಚನ್ನೇಶ, ಆ ಕೆಂಪಪ್ಪನ ರೆಕಾರ್ಡು ತೆಗೆದುಬಿಡು. ಇವತ್ತೇ. ಹಳೇದು ಹಾಕು, ನನ್ನ ದನೀದು.”

“ಯಾರ್ರೀ ಮಾತಾಡೋದು?”

“ನಾನಪ್ಪಾ, ತೀರ್ಥೇಶ.”

“ಹೌದಾ ಸಾರ್? ದನಿ ಗುರ್ತೇ ಸಿಗ್ಲಿಲ್ಲ.” ಚನ್ನೇಶ ನಕ್ಕ. “ನಾನು ತೆಗೀತೀನಿ ಸಾರ್. ಆದ್ರೆ ತೆಗೆದು ಏನು ಉಪಯೋಗ? ವಾಟ್ಸ್ಯಾಪಲ್ಲಿ ಊರೂರಿಗೆ ಹೋಗೈತಿ. ನಮ್ಮ ಗ್ಯಾರೇಜಿನವ ಅದನ್ನೇ ರಿಂಗ್‌ಟೋನ್ ಮಾಡ್ಕಂಡಾನೆ. ಮೂರು ಸಲ ‘ಕೇಳ್ರಪ್ಪೋ’ ಅಂದ ಮೇಲೇ ಎತ್ತೋದು!”

ಫೋನು ಜೇಬಿಗಿಟ್ಟ. ದಾರಿಯಲ್ಲಿ ಯಾರೂ ಇರಲಿಲ್ಲ. ಬಿಸಿಲು ಇಳಿದಿರಲಿಲ್ಲ, ಹಗಲು ಹಗಲಾಗಿಯೇ ಇತ್ತು, ಅದರಿಂದ ಧೈರ್ಯ ಬರಬೇಕಿತ್ತು. ನನ್ನ ಹೆಸರು ತೀರ್ಥೇಶ, ಎಂದು ಒಮ್ಮೆ ಮೆಲ್ಲಗೆ ಹೇಳಿಕೊಂಡ, ಆ ತೆಳ್ಳಗಿನ ದನಿ ಇನ್ನೂ ಇದೆಯೇ ಎಂದು ಮುಟ್ಟಿ ನೋಡುವ ಹಾಗೆ. 

ಇತ್ತು. ಅದು ಅವನಿಗೆ ಚೂರೂ ಇಷ್ಟವಾಗಲಿಲ್ಲ, ಆದರೆ ಇತ್ತು. ಬದುಕುತ್ತಾಳೆ, ಎಂದುಕೊಂಡ. ಗಾಡಿ ಈಗ ಎಲ್ಲಿಗೆ ಮುಟ್ಟಿರಬಹುದು ಎಂದು ಲೆಕ್ಕ ಹಾಕಿದ. ಸಂಜೆಯ ಒಳಗೆ ಮುಟ್ಟಿದರೆ ಬದುಕುತ್ತಾಳೆ. ರಾಜಕುಮಾರ ಫೋನು ಮಾಡುತ್ತಾನೆ. ಮಾಡದಿದ್ದರೆ? ತಿರುವಿನ ಮರದ ಕೆಳಗೆ ಬಂದಾಗ ಮಟ್ಟಿಯ ಹಿಂದೆ, ಯಾರೋ ಬಹಳ ಹೊತ್ತು ಕೂತೆದ್ದ ಜಾಗದಲ್ಲಿ, ತರಗೆಲೆ ತಗ್ಗಾಗಿ ಬಟ್ಟಲಿನಂತೆ ಉಳಿದಿತ್ತು. ನೋಡುತ್ತ ನಿಂತ. ಗಾಳಿ ಬೀಸಿತು, ಎಲೆಗಳು ಒಮ್ಮೆಲೇ ಎದ್ದವು, ಒಮ್ಮೆಲೇ ನಿಂತವು.

“ತೀರ್ಥೇಶಾ.”

ಬೆನ್ನ ಹಿಂದಿನಿಂದ. ಹತ್ತಿರದಿಂದ. ದನಿ ಯಾರದೆಂದು ಹಿಡಿಯುವುದು ಅವನ ಕಸುಬು, ಅರ್ಧ ಅಕ್ಷರಕ್ಕೆ ಹಿಡಿಯುತ್ತಿದ್ದವನು. ಹಿಡಿಯಲಿಲ್ಲ. ಹಿಡಿದರೆ ಅದೂ ಒಳಗೆ ಬಂದು ಕೂರುತ್ತದೆ. ಕೇರಿಯವರು ಯಾರೋ ಬೈಕು ತಂದಿರಬೇಕು, ಬಸ್‌ಸ್ಟಾಪಿಗೆ ಬಿಡುತ್ತೇನೆ ಎನ್ನುವವರು. ಆದರೆ ಬೈಕಿನ ಸದ್ದು ಕೇಳಿಸಿರಲಿಲ್ಲ. ಕೂಗಿದ ಮೇಲೆ ಕ್ಯಾಕರಿಸಿದ್ದು ಕೇಳಿತೇ, ಅಥವಾ ಅದು ಎಲೆಯೇ? ತಿರುಗಿ ನೋಡಲಿಲ್ಲ. ನಾಲಿಗೆಯ ತುದಿಗೆ ಬಂದ ಓ ಎಂಬುದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹೆಜ್ಜೆಯೆತ್ತದೆ, ಉಸಿರು ಬಿಡದೆ, ತೀರ್ಥೇಶ ಎರಡನೆಯದಕ್ಕೆ ಕಾಯುತ್ತ ನಿಂತ.